ಲೈಬ್ರರಿ ಲೋಡ್ ಆಗದ ಕೋಡ್‌ಇಗ್ನೈಟರ್: ಹೊಸದಾಗಿ ಬರೆಯದೇ ಸರಿ ಮಾಡಿದ ನನ್ನ ಅನುಭವ

ಸಿರ್ಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಅಡಿಕೆ ಬಿಲ್ ಮಾಡುವ ವೆಬ್ ಅಪ್ಲಿಕೇಶನ್ ಇದೆ. ಹಳೇ ಕೋಡ್‌ಇಗ್ನೈಟರ್‌ನದು, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ಒಂದು ಫ್ರೇಮ್‌ವರ್ಕ್‌ನದು. ಸದಸ್ಯರು ತಂದ ರಾಶಿ, ಚಾಲಿ, ಕೆಂಪುಗೋಟು, ಬಿಳೆಗೋಟು ಹೀಗೆ ಎಲ್ಲ ಬಗೆಯ ಅಡಿಕೆಯ ತೂಕ, ದರ ಹಾಕಿ ಪಿಡಿಎಫ್ ಬಿಲ್ ತೆಗೆಯುತ್ತಾರೆ. ಸರ್ವರ್ ಬದಲಾಯಿಸಿದ ಮೇಲೆ ಬಿಲ್ ಬಟನ್ ಒತ್ತಿದರೆ ಬರುತ್ತಿದ್ದದ್ದು ಒಂದೇ ಸಾಲು: 'ಅನೇಬಲ್ ಟು ಲೋಡ್ ದ ರಿಕ್ವೆಸ್ಟೆಡ್ ಕ್ಲಾಸ್: ಪಿಡಿಎಫ್'. ಪೂರ್ತಿ ಲಾರಾವೆಲ್ ಅನ್ನುವ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರೆಯಬೇಕು ಅಂತ ಯಾರೋ 70–80 ಸಾವಿರದ ಕೊಟೇಶನ್ ಕೊಟ್ಟು ಹೋಗಿದ್ದರು. ಬೆಂಗಳೂರಲ್ಲಿರುವ ನನ್ನ ಗೆಳೆಯನೂ 'ಮಾರಾಯ, ಅದ್ಕೆ ತೇಪೆ ಹಾಕ್ತಾ ಕೂರಬೇಡ, ಬಿಸಾಕು' ಅಂದ. ನಾನು ಒಪ್ಪಲಿಲ್ಲ. ಹೆಚ್ಚುಕಡಿಮೆ 9 ಸಾವಿರಕ್ಕೆ ಸರಿ ಮಾಡಿ ಕೊಟ್ಟೆ. ಒಂದು ಸೀಸನ್ ಪೂರ್ತಿ ತಕರಾರಿಲ್ಲದೆ ಓಡಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೋಡ್ ಹುಟ್ಟಿದ್ದು ಕೋಡ್‌ಇಗ್ನೈಟರ್ 2ರಲ್ಲಿ. ಲೈಬ್ರರಿ ಅಂದರೆ ಬೇಕಾದಾಗ ಕರೆದು ಬಳಸುವ ಕೋಡ್ ಫೈಲ್, ಅದನ್ನು ಹುಡುಕಿ ತರುವುದು ಲೋಡರ್. ಆಗಿನ ಲೋಡರ್ ಹೆಸರಿನ ಮೊದಲಕ್ಷರ ದೊಡ್ಡದಿರುವ (ಇಂಗ್ಲಿಷ್ ಕ್ಯಾಪಿಟಲ್) ಫೈಲ್ ಹುಡುಕುತ್ತಿತ್ತು, ಸಿಗದಿದ್ದರೆ ಎಲ್ಲ ಸಣ್ಣಕ್ಷರದ್ದನ್ನೂ ಹುಡುಕುತ್ತಿತ್ತು. 2015ರಲ್ಲಿ ಬಂದ 3ರಲ್ಲಿ ಆ ಎರಡನೇ ಹುಡುಕಾಟ ಇಲ್ಲ. ಮೊದಲಕ್ಷರ ದೊಡ್ಡದಿರಲೇಬೇಕು. ನನಗಿಂತ ಮುಂಚೆ ಕೆಲಸ ಮಾಡಿದವರು ವಿಂಡೋಸ್‌ನಲ್ಲಿ ಎಕ್ಸಾಂಪ್ (ಸ್ವಂತ ಕಂಪ್ಯೂಟರಲ್ಲೇ ಸರ್ವರ್ ಓಡಿಸುವ ತಂತ್ರಾಂಶ) ಹಾಕಿಕೊಂಡು 3ಕ್ಕೆ ಏರಿಸಿದ್ದಾರೆ. ವಿಂಡೋಸ್ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ನೋಡುವುದಿಲ್ಲ, ಹಾಗಾಗಿ ಅಲ್ಲಿ ಎಲ್ಲ ಸರಿ. ಲಿನಕ್ಸ್ ಶೇರ್ಡ್ ಹೋಸ್ಟಿಂಗ್‌ಗೆ ಹಾಕಿದ ಕೂಡಲೇ ನಿಂತುಹೋಗಿದೆ.

ಇದು ತಿಳಿಯುವ ಮೊದಲು ಎಲ್ಲರೂ ಹೇಳುವ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಪ್ರತಿ ಪೇಜಿಗೂ ತಾನಾಗಿ ಲೋಡ್ ಆಗುವ ಆಟೋಲೋಡ್ ಪಟ್ಟಿಗೆ ಲೈಬ್ರರಿ ಸೇರಿಸಿದೆ. ಅಲ್ಲಿಯವರೆಗೆ ಬಿಲ್ ಪೇಜ್ ಮಾತ್ರ ಕೆಟ್ಟಿತ್ತು, ಈಗ ಲಾಗಿನ್ ಪೇಜ್ ಸಮೇತ ಕೆಟ್ಟಿತು. ಫೋಲ್ಡರ್‌ಗೆ 777 (ಯಾರು ಬೇಕಾದರೂ ಓದಿ ಬರೆಯಬಹುದಾದ) ಪರ್ಮಿಶನ್ ಕೊಟ್ಟಿದ್ದರಿಂದ ಏನೂ ಆಗಲಿಲ್ಲ, ಕೂಡಲೇ ವಾಪಸ್ ತೆಗೆದೆ. ಫೈಲನ್ನು ನೇರವಾಗಿ ಸೇರಿಸುವ ರಿಕ್ವೈರ್ ಒನ್ಸ್ ಹಾಕಿ ಲೋಡರ್ ತಪ್ಪಿಸಿದರೆ ಒಂದು ಪೇಜ್ ಓಡಿತು, ಅದೇ ಲೈಬ್ರರಿ ಕೇಳುವ ಮುಂದಿನ ಪೇಜ್ ಮತ್ತೆ ಬಿತ್ತು. ಇಂಥದ್ದರಲ್ಲೇ ಜಾಸ್ತಿ ಹೊತ್ತು ಹೋಯಿತು.

ದಾರಿ ತೋರಿಸಿದ್ದು ಲಾಗ್. ಕಾನ್ಫಿಗ್‌ನಲ್ಲಿ ಲಾಗ್ ಥ್ರೆಶೋಲ್ಡ್ ಸೊನ್ನೆ ಇತ್ತು, 1 ಮಾಡಿದೆ. ಆಮೇಲೆ ಸಿಸ್ಟಮ್ ಫೋಲ್ಡರಿನ ಕೋರ್‌ನಲ್ಲಿರುವ ಲೋಡರ್ ಫೈಲನ್ನೇ ತೆರೆದೆ. ಲೈಬ್ರರಿ ಹುಡುಕುವ ಫಂಕ್ಷನ್‌ನಲ್ಲಿ ಫೈಲ್‌ಪಾತ್ ಕಟ್ಟುವ ಸಾಲು ಬರುತ್ತದಲ್ವಾ, ಅದರ ಕೆಳಗೆ ಆ ಪಾತ್ ಬರೆಸುವ ಒಂದು ಲಾಗ್ ಸಾಲು ಸೇರಿಸಿದೆ. ಎರರ್ ಲೆವೆಲ್‌ನಲ್ಲೇ ಬರೆಸಿ. ಡಿಬಗ್ ಲೆವೆಲ್‌ಗೆ ಹೋದರೆ ಲಾಗ್ ಫೈಲ್ ತುಂಬಿಹೋಗಿ ಬೇಕಾದ ಸಾಲು ಕಾಣುವುದಿಲ್ಲ. ಪೇಜ್ ರಿಫ್ರೆಶ್ ಮಾಡಿದರೆ ಅದು ಎಲ್ಲೆಲ್ಲಿ ಹುಡುಕಿತು ಅಂತ ಸಾಲಾಗಿ ಬಂತು. ಮೊದಲು ಲೈಬ್ರರೀಸ್ ಫೋಲ್ಡರ್, ಆಮೇಲೆ ಅದೇ ಹೆಸರಿನ ಸಬ್‌ಫೋಲ್ಡರ್. ಎರಡರಲ್ಲೂ ಕೇಳುತ್ತಿದ್ದದ್ದು ದೊಡ್ಡ ಪಿ ಇರುವ ಫೈಲ್. ಸರ್ವರ್‌ನಲ್ಲಿ ಇದ್ದದ್ದು ಸಣ್ಣ ಪಿ. ಕೆಲಸ ಮುಗಿದ ಮೇಲೆ ಆ ಸಾಲು ಮರೆಯದೇ ತೆಗೆಯಿರಿ.

ಹೆಸರು ಬದಲಿಸಿದರೆ ಆಯ್ತು ಅಂದುಕೊಳ್ಳಬೇಡಿ. ವಿಂಡೋಸ್‌ನಲ್ಲಿ ಹೆಸರು ಬದಲಿಸಿ ಕಮಿಟ್ ಮಾಡಲು ಹೋದರೆ ಬದಲಾವಣೆಯೇ ಇಲ್ಲ ಅನ್ನುತ್ತದೆ ಗಿಟ್ (ಕೋಡಿನ ಬದಲಾವಣೆ ದಾಖಲಿಸುವ ತಂತ್ರಾಂಶ). ಅಲ್ಲಿ ಅದರ ಇಗ್ನೋರ್‌ಕೇಸ್ ಸೆಟ್ಟಿಂಗ್ ಆನ್ ಇರುತ್ತದೆ, ಬರೀ ಅಕ್ಷರದ ಗಾತ್ರ ಬದಲಾದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಸರು ಬದಲಿಸುವ ಗಿಟ್ ಎಂವಿ ಕಮಾಂಡ್ ಬಳಸಿ ಮೊದಲು ಬೇರೇನೋ ಹೆಸರು ಕೊಟ್ಟು, ಎರಡನೇ ಸಲ ಸರಿಯಾದ ಹೆಸರು ಕೊಟ್ಟೆ. ಹದಿನೈದು, ಹದಿನೆಂಟು ಲೈಬ್ರರಿ ಫೈಲ್ ಇದ್ದವು. ಇದಕ್ಕೆ ನನ್ನದೇ ಒಂದು ಸ್ಕ್ರಿಪ್ಟ್ ಇದೆ. ಫೈಲ್ ಹೆಸರು, ಒಳಗಿನ ಕ್ಲಾಸ್ ಹೆಸರು, ಕಂಟ್ರೋಲರ್‌ಗಳು (ಪೇಜ್ ನಡೆಸುವ ಫೈಲ್‌ಗಳು) ಲೋಡ್ ಮಾಡುವ ಹೆಸರು ಮೂರನ್ನೂ ಹೋಲಿಸಿ ತಪ್ಪಿದ್ದನ್ನು ತೋರಿಸುತ್ತದೆ. ಅದರ ಕೋಡ್ ಮಾತ್ರ ಕೊಡುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಹೆಸರು ಸರಿಯಾದ ಮೇಲೆ ಎರರ್ ಬದಲಾಯಿತು: 'ನಾನ್ ಎಕ್ಸಿಸ್ಟೆಂಟ್ ಕ್ಲಾಸ್'. ಸಂಘದವರು ಇನ್ನೂ ಕೆಟ್ಟಿತು ಅಂತ ಗಾಬರಿಯಾದರು, ನನಗೆ ಖುಷಿಯಾಯಿತು. ಮೊದಲಿನ ಎರರ್ ಅಂದರೆ ಫೈಲೇ ಸಿಕ್ಕಿಲ್ಲ. ಇದು ಬಂದರೆ ಫೈಲ್ ಸಿಕ್ಕಿದೆ, ಒಳಗೆ ಆ ಹೆಸರಿನ ಕ್ಲಾಸ್ ಇಲ್ಲ. ತೆರೆದು ನೋಡಿದರೆ ಕ್ಲಾಸ್ ಹೆಸರು ಎಂ_ಪಿಡಿಎಫ್ ಅಂತ ಇತ್ತು. ಇಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಚಿಂತೆ ಬೇಡ, ಕ್ಲಾಸ್ ಹೆಸರಿನಲ್ಲಿ ಪಿಎಚ್‌ಪಿ ಅದನ್ನು ನೋಡುವುದಿಲ್ಲ. ಹೆಸರೇ ಬೇರೆ ಇದ್ದರೆ ಮಾತ್ರ ಕಷ್ಟ.

ರಿಪೋರ್ಟ್ ಪೇಜಿನದು ಇನ್ನೊಂದು ಕಥೆ. ಕಂಟ್ರೋಲರ್ ಹೆಸರೂ ರಿಪೋರ್ಟ್, ಲೈಬ್ರರಿ ಹೆಸರೂ ರಿಪೋರ್ಟ್. ಆ ಕ್ಲಾಸ್ ಆಗಲೇ ಇದೆ ಅಂದುಕೊಂಡು ಲೋಡರ್ ಲೈಬ್ರರಿ ಫೈಲನ್ನು ಮುಟ್ಟುವುದೇ ಇಲ್ಲ. ಲೈಬ್ರರಿ ಹೆಸರು ಬದಲಿಸಿದೆ, ಮುಗಿಯಿತು.

ಇನ್ನು ಕನ್ನಡ. ಬಿಲ್ಲಿನಲ್ಲಿ 'ತಟ್ಟಿಬೆಟ್ಟೆ' (ಅಡಿಕೆಯ ಇನ್ನೊಂದು ಬಗೆ) ಅಂತ ಬರಬೇಕು. ಹಳೇ ಲೈಬ್ರರಿಯಲ್ಲಿ ಮೊದಲಿನಿಂದಲೂ ಒತ್ತಕ್ಷರ ಒಡೆದು ಬರುತ್ತಿತ್ತಂತೆ, ಜನ ಅದನ್ನೇ ಒಪ್ಪಿಕೊಂಡು ಕೂತಿದ್ದರು. ನನಗೆ ಅದನ್ನು ಸಹಿಸಲಾಗಲಿಲ್ಲ. ದುಡ್ಡಿಗೆ ಸಂಬಂಧವಿಲ್ಲದ ಕೆಲಸ, ಆದರೂ ಹಿಡಿದೆ. ಪಿಡಿಎಫ್ ಮಾಡುವ ಡೋಮ್‌ಪಿಡಿಎಫ್ ಲೈಬ್ರರಿಯಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಟ ಪಕ್ಕದಲ್ಲೇ ಇನ್ನೊಂದು ಟ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಅಂಥದ್ದೇ ಇನ್ನೊಂದು ಲೈಬ್ರರಿ ಎಂಪಿಡಿಎಫ್‌ಗೆ ಲೋಹಿತ್ ಕನ್ನಡ ಫಾಂಟ್ ಜೊತೆಗೇ ಬರುತ್ತದೆ. ಸ್ಕ್ರಿಪ್ಟ್ ನೋಡಿ ಭಾಷೆ ಗುರುತಿಸುವುದು, ಭಾಷೆ ನೋಡಿ ಫಾಂಟ್ ಆರಿಸುವುದು, ಎರಡೂ ಆಪ್ಷನ್ ಆನ್ ಮಾಡಿದೆ. ಎರಡು ಕಡೆಯ ಟ ಒತ್ತೂ ನೆಟ್ಟಗೆ ಕೆಳಗೆ ಬಂದು ಕೂತಿತು.

ಎಂಪಿಡಿಎಫ್ ಬರುವುದು ಕಂಪೋಸರ್‌ನಿಂದ, ಅದು ಪಿಎಚ್‌ಪಿ ಲೈಬ್ರರಿಗಳನ್ನು ತಂದು ವೆಂಡರ್ ಅನ್ನುವ ಫೋಲ್ಡರಿನಲ್ಲಿ ಇಡುವ ತಂತ್ರಾಂಶ. ಕಾನ್ಫಿಗ್‌ನಲ್ಲಿ ಕಂಪೋಸರ್ ಆಟೋಲೋಡ್ ಸುಮ್ನೆ ಟ್ರೂ ಅಂತ ಕೊಟ್ಟರೆ ಅದು ಅಪ್ಲಿಕೇಶನ್ ಫೋಲ್ಡರ್ ಒಳಗೆ ವೆಂಡರ್ ಹುಡುಕುತ್ತದೆ. ನಮ್ಮದು ಹೊರಗೆ ರೂಟ್‌ನಲ್ಲಿತ್ತು, ಹಾಗಾಗಿ ಪೂರ್ತಿ ಪಾತ್ ಕೊಡಬೇಕಾಯಿತು. ಟೆಂಪ್ ಫೋಲ್ಡರ್‌ಗೆ ಬರೆಯುವ ಪರ್ಮಿಶನ್ ಕೂಡ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಅಂತ ಗೊತ್ತಲ್ಲ. ವೆಂಡರ್‌ನ ಸಾವಿರಾರು ಸಣ್ಣ ಫೈಲ್‌ಗಳನ್ನು ಎಫ್‌ಟಿಪಿಯಲ್ಲಿ ಕಳಿಸಿದರೆ ಅರ್ಧಕ್ಕೇ ನಿಲ್ಲುತ್ತದೆ, ಯಾವುದು ಹೋಗಿಲ್ಲ ಅಂತ ತಿಳಿಯುವುದೂ ಇಲ್ಲ. ಜಿಪ್ ಮಾಡಿ ಒಂದೇ ಫೈಲ್ ಕಳಿಸಿ, ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್‌ನಲ್ಲಿ ಬಿಡಿಸಿದೆ.

ಇದನ್ನು ನೋಡಿ ಕುಮಟಾದ ಒಬ್ಬ ಹೋಂಸ್ಟೇ ಮಾಲೀಕರು ಅವರ ಬುಕಿಂಗ್ ಸೈಟ್ ತಂದರು. ಅದೇ ಎರರ್, ಅದೇ ಕಾರಣ. ಸ್ಕ್ರಿಪ್ಟ್ ಓಡಿಸಿ ಮಧ್ಯಾಹ್ನದ ಊಟದೊಳಗೆ ಮುಗಿಸಿದೆ, ಎರಡೂವರೆ ಸಾವಿರ ತಗೊಂಡೆ.

ಎರಡೂ ಕಡೆ ಈಗ ಕೋಡ್‌ಇಗ್ನೈಟರ್ 3.1.13 ಇದೆ, ಪಿಎಚ್‌ಪಿ 8.1ರಲ್ಲಿ ಓಡುತ್ತಿದೆ. 8.2 ಹಾಕಿ ನೋಡಿದರೆ ಡೈನಾಮಿಕ್ ಪ್ರಾಪರ್ಟಿ (ಕ್ಲಾಸಿನಲ್ಲಿ ಮೊದಲೇ ಹೇಳದೆ ಆಮೇಲೆ ಸೇರಿಸುವ ಹೆಸರು) ಬಗ್ಗೆ ಸಾಲು ಸಾಲು ಡೆಪ್ರಿಕೇಟೆಡ್, ಅಂದರೆ ಇನ್ನು ಬಳಸಬೇಡಿ ಅನ್ನುವ ಎಚ್ಚರಿಕೆ ಬರುತ್ತದೆ, ಲೋಡ್ ಆದ ಲೈಬ್ರರಿಯನ್ನು ಕಂಟ್ರೋಲರ್ ಮೇಲೆ ಕೂರಿಸುವ ರೀತಿಯೇ ಅದಕ್ಕೆ ಕಾರಣ. ಕೋರ್ ಕ್ಲಾಸ್‌ಗಳ ಮೇಲೆ ಅಲೌ ಡೈನಾಮಿಕ್ ಪ್ರಾಪರ್ಟೀಸ್ ಗುರುತು ಹಾಕಿದರೆ ನಿಲ್ಲುತ್ತದೆ. ಸಂಘದ ಸೈಟಿನ ಒಂದು ಕಾಪಿಯಲ್ಲಿ ಅದನ್ನು ಮಾಡಿ ಇಟ್ಟಿದ್ದೇನೆ, ಈ ಸೀಸನ್ ಮುಗಿದ ಮೇಲೆ ಬದಲಿಸುತ್ತೇನೆ.