ಡ್ರೈಯರ್ ಟೈಮರ್ ಮುಂದಕ್ಕೆ ಹೋಗುತ್ತಿಲ್ಲವೇ? ಮೊದಲು ಬಿಸಿ ನೋಡಿ

ಡ್ರಮ್ ತಿರುಗುತ್ತಲೇ ಇದೆ, ನಾಬ್ ಮಾತ್ರ ಇಟ್ಟಲ್ಲೇ ಇದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ, ಅದರಲ್ಲೂ ಬಾಡಿಗೆ ಮನೆಗಳಲ್ಲಿ, ನಾಬ್ ತಿರುಗಿಸುವ ಬಟ್ಟೆ ಡ್ರೈಯರ್‌ಗಳು ಇನ್ನೂ ಇವೆ. ನಾಬ್ ನಿಂತಿತೆಂದು ಕೂಡಲೇ ಹೊಸ ಟೈಮರ್ ತರಿಸಬೇಡಿ. ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ.

ಊರಿನ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಟೈಮರ್ ಕೀಲಿ ಕೊಟ್ಟ ಗಡಿಯಾರದಂತೆ ಸ್ಪ್ರಿಂಗ್‌ನಿಂದ ಓಡುತ್ತದೆ. ಈ ಡ್ರೈಯರ್‌ನಲ್ಲಿ ಆ ಕೆಲಸ ಪುಟ್ಟ ಮೋಟರಿನದು. ನಿಮಿಷ ಲೆಕ್ಕದಲ್ಲಿ ಒಣಗಿಸುವ ‘ಟೈಮ್ಡ್ ಡ್ರೈ’ಗೆ ನಾಬ್ ಇಟ್ಟರೆ ಆ ಮೋಟರಿಗೆ ಸತತವಾಗಿ ಕರೆಂಟು ಸಿಗುತ್ತದೆ. ಬಟ್ಟೆ ಒಣಗಿದಾಗ ತಾನೇ ನಿಲ್ಲುವ ‘ಆಟೊ ಡ್ರೈ’ಗೆ ಇಟ್ಟರೆ ಲೆಕ್ಕ ಬೇರೆ. ಹಲವು ಮಾದರಿಗಳಲ್ಲಿ ಹೀಟರ್ ಉರಿಯುವಷ್ಟು ಹೊತ್ತು ಟೈಮರ್ ನಿಂತಿರುತ್ತದೆ. ಹೊರಹೋಗುವ ಗಾಳಿ ಸಾಕಷ್ಟು ಬಿಸಿಯಾಗಿ ಥರ್ಮೋಸ್ಟಾಟ್ ಹೀಟರನ್ನು ಆರಿಸಿದಾಗಷ್ಟೇ ಓಡುತ್ತದೆ. ಹಾಗಾಗಿ ಬಿಸಿಯೇ ಬಾರದಿದ್ದರೆ ಟೈಮರ್ ಕದಲುವ ಮಾತೇ ಇಲ್ಲ. ಒದ್ದೆ ಜೀನ್ಸ್ ತುಂಬಿದ್ದಾಗ ಮೊದಲ ಕೆಲವು ನಿಮಿಷ ನಾಬ್ ನಿಂತೇ ಇದ್ದರೆ ಅದು ದೋಷವಲ್ಲ.

ಮೊದಲ ಪರೀಕ್ಷೆಗೆ ಉಪಕರಣ ಬೇಡ. ಟೈಮ್ಡ್ ಡ್ರೈಗೆ ಇಟ್ಟು ನಾಬ್‌ನ ಫೋಟೊ ತೆಗೆಯಿರಿ, 20 ನಿಮಿಷ ಬಿಟ್ಟು ನೋಡಿ. ಅಷ್ಟೇ ಸರಿದಿದ್ದರೆ ಟೈಮರ್ ಚೆನ್ನಾಗಿದೆ. ಕದಲದಿದ್ದರೆ ನೇರ ಕೊನೆಯ ಹಂತಕ್ಕೆ ಹೋಗಿ.

ಸರಿದಿದ್ದರೆ ಡ್ರಮ್‌ಗೆ ಕೈಹಾಕಿ ನೋಡಿ. ತಣ್ಣಗಿದ್ದರೆ ಬ್ರೇಕರ್ ಪೆಟ್ಟಿಗೆ ತೆರೆಯಿರಿ. ವಿದ್ಯುತ್ ಡ್ರೈಯರ್‌ಗೆ ಸಾಮಾನ್ಯವಾಗಿ 30 ಆಂಪಿಯರ್‌ನ ಜೋಡಿ ಬ್ರೇಕರ್ ಇರುತ್ತದೆ. ಹೀಟರಿಗೆ ಎರಡೂ ಲೈನ್ ಸೇರಿದ 240 ವೋಲ್ಟ್ ಬೇಕು, ಡ್ರಮ್ ಮೋಟರಿಗೆ ಒಂದೇ ಲೈನಿನ 120 ಸಾಕು. ಒಂದು ಲೈನ್ ಹೋದರೂ ಡ್ರಮ್ ತಿರುಗಬಹುದು, ಬಿಸಿ ಮಾತ್ರ ಬರುವುದಿಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಮತ್ತೆ ಬಿದ್ದರೆ ಎಲೆಕ್ಟ್ರೀಷಿಯನ್‌ನನ್ನು ಕರೆಸಿ.

ಇನ್ನು ಮುಂದಿನದ್ದೆಲ್ಲ ಪ್ಲಗ್ ಕಿತ್ತ ಮೇಲೆಯೇ. ಗ್ಯಾಸ್ ಡ್ರೈಯರಾದರೆ ಗ್ಯಾಸ್ ವಾಲ್ವನ್ನೂ ಮುಚ್ಚಿ. ಅದರ ಬರ್ನರ್ ಕಡೆಯ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಯಂತ್ರವನ್ನು ಮುಂದಕ್ಕೆಳೆದು ಹಿಂದಿನ 4 ಇಂಚಿನ ಗಾಳಿ ಕೊಳವೆ ಬಿಚ್ಚಿ. ಬೂದು ಬಣ್ಣದ ಹತ್ತಿಯಂಥ ಲಿಂಟ್ ಒಳಗೆ ದಪ್ಪಗೆ ಕೂತಿರುತ್ತದೆ. ಗೋಡೆಯಾಚೆ ಗಾಳಿ ಹೊರಬೀಳುವ ಮುಚ್ಚಳವನ್ನೂ ನೋಡಿ. ದಾರಿ ಕಟ್ಟಿದರೆ ಶಾಖ ಹೀಟರಿನ ಬಳಿಯೇ ಸೇರಿ ಅಲ್ಲಿನ ಸುರಕ್ಷಾ ಸ್ವಿಚ್ ಹೀಟರನ್ನು ಆರಿಸುತ್ತದೆ. ಇತ್ತ ಹೊರದಾರಿಯ ಥರ್ಮೋಸ್ಟಾಟ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಬಟ್ಟೆ ಒದ್ದೆ, ಟೈಮರ್ ಸ್ತಬ್ಧ. ಮಡಚಿಕೊಳ್ಳುವ ಪ್ಲಾಸ್ಟಿಕ್ ಇಲ್ಲವೇ ಫಾಯಿಲ್ ಕೊಳವೆಯಿದ್ದರೆ ತೆಗೆದು ಗಟ್ಟಿ ಲೋಹದ್ದನ್ನು ಹಾಕಿ. ಲಿಂಟ್‌ಗೆ ಬೆಂಕಿ ಬಹುಬೇಗ ಹತ್ತುತ್ತದೆ.

ಕೊಳವೆ ಚೊಕ್ಕಟವಾಗಿದ್ದೂ ಬಿಸಿಯಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಅಳೆಯುವ ಭಾಗದ ಒಂದು ತಂತಿಯನ್ನಾದರೂ ಬಿಚ್ಚಿರಬೇಕು. ಹೀಟರ್ ಕಾಯಿಲ್ ಸುಮಾರು 10 ಓಮ್ ತೋರಿಸಬೇಕು, ಅತಿ ಬಿಸಿಯಾದರೆ ಸುಟ್ಟು ಕರೆಂಟು ತಡೆಯುವ ಥರ್ಮಲ್ ಫ್ಯೂಸ್ ಹತ್ತಿರಹತ್ತಿರ ಸೊನ್ನೆ. ಫ್ಯೂಸ್ ಸುಟ್ಟಿದ್ದರೆ ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಸುಡುತ್ತದೆ.

ತೇವ ಅಳೆಯುವ ಸೆನ್ಸರ್ ಇರುವ ಮಾದರಿಗಳಲ್ಲಿ ಡ್ರಮ್ಮಿನೊಳಗೆ ಎರಡು ಲೋಹದ ಪಟ್ಟಿ ಕಾಣುತ್ತವೆ. ಬಟ್ಟೆ ಮೆತ್ತಗಾಗಲೆಂದು ಜೊತೆಗೆ ಹಾಕುವ ಡ್ರೈಯರ್ ಶೀಟಿನ ಜಿಡ್ಡು ಅವುಗಳ ಮೇಲೆ ಕೂತರೆ ಯಂತ್ರ ಬೇಗ ನಿಲ್ಲುತ್ತದೆಯೇ ಹೊರತು ನಿಲ್ಲದೆ ಓಡುವುದಿಲ್ಲ. ಹೇರ್‌ಪಿನ್‌ನಂಥದ್ದು ಎರಡೂ ಪಟ್ಟಿಗಳನ್ನು ಮುಟ್ಟಿಕೊಂಡಿದ್ದರೆ ಮಾತ್ರ ಬಟ್ಟೆ ಇನ್ನೂ ಒದ್ದೆಯೆಂದೇ ಯಂತ್ರ ತಿಳಿಯುತ್ತದೆ.

ಕೊನೆಗೆ ಟೈಮರ್. ಅದರ ಮೋಟರಿನ ಎರಡು ತಂತಿಗಳ ನಡುವೆ ಸಾಮಾನ್ಯವಾಗಿ 2,000ದಿಂದ 3,000 ಓಮ್ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಓಮ್ ಸರಿಯಿದ್ದೂ ಟೈಮ್ಡ್ ಡ್ರೈಯಲ್ಲಿ ಕದಲದಿದ್ದರೆ ಒಳಗಿನ ಹಲ್ಲುಚಕ್ರ ಸವೆದಿರಬಹುದು. ಎಣ್ಣೆ ಬಿಡುವ ಸಾಹಸ ಬೇಡ, ಒಳಗಿನ ಸ್ವಿಚ್‌ಗಳೂ ಕೆಡುತ್ತವೆ. ಬಾಗಿಲಿನ ಅಂಚಿನ ಸ್ಟಿಕರಿನಲ್ಲಿರುವ ಮಾದರಿ ಸಂಖ್ಯೆಯನ್ನು ಪೂರ್ತಿ ಕೊಟ್ಟು ಅದಕ್ಕೊಪ್ಪುವ ಟೈಮರನ್ನೇ ತರಿಸಿ. ಹಳೆಯದರ ಪಕ್ಕದಲ್ಲೇ ಹೊಸದನ್ನು ಹಿಡಿದು ತಂತಿಗಳನ್ನು ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಎಂಬುದು ತಿಳಿಯದೆ ಪೇಚಾಡಬೇಕಾಗುತ್ತದೆ.