ಶಿಕ್ಷಕರ ದೀರ್ಘ ಸೇವೆಯ ವೇತನ ಬಡ್ತಿಗೆ ಎಷ್ಟು ಹಣ ಬೇಕು? ಲೆಕ್ಕ ಹಿಡಿಯುವುದು ಹೀಗೆ

ಇಷ್ಟು ವರ್ಷ ಪಾಠ ಮಾಡಿದವರಿಗೆ ಇಷ್ಟು ಹೆಚ್ಚುವರಿ ವೇತನ ಎಂದು ಆದೇಶ ಹೊರಡಿಸುವುದು ಸುಲಭ. ಅದಕ್ಕೆ ಬಜೆಟ್‌ನಲ್ಲಿ ಎಷ್ಟು ತೆಗೆದಿಡಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಹೋದ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಕಳಿಸಿದರೆ, ವರ್ಷದ ಕೊನೆಗೆ ಯಾರದೋ ಬಡ್ತಿ ಬಾಕಿ ಉಳಿಯುತ್ತದೆ.

ಮೊದಲು ಸೇವಾ ಪುಸ್ತಕ ತೆಗೆಯಿರಿ. ಸೇರಿದ ದಿನಾಂಕವೊಂದೇ ಸಾಲದು. ವೇತನರಹಿತ ರಜೆ, ಹಂಗಾಮಿ ಸೇವೆ, ಬೇರೆ ಶಾಲೆಯಲ್ಲಿ ದುಡಿದ ಅವಧಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆಯೇ ಎಂದು ನಿಯಮ ನೋಡಿ. ಜೂನ್ 1ಕ್ಕೆ 10 ವರ್ಷ ತುಂಬಬೇಕಿದ್ದವರು 47 ದಿನ ವೇತನರಹಿತ ರಜೆಯಲ್ಲಿದ್ದು, ಅದನ್ನು ಕಳೆಯಬೇಕೆಂದು ನಿಯಮವಿದ್ದರೆ, ಬಡ್ತಿ ಜುಲೈ 18ಕ್ಕೆ ಜಾರುತ್ತದೆ.

ಆಮೇಲೆ ಸರಾಸರಿಯ ಸಹವಾಸ ಬಿಟ್ಟು ತಲೆ ಎಣಿಸಿ. ಒಂದು ಲೆಕ್ಕ ನೋಡೋಣ: 40 ಶಿಕ್ಷಕರು, ಎಲ್ಲರ ಮೂಲ ವೇತನ 100 ಎಂದಿಟ್ಟುಕೊಳ್ಳಿ. 10 ವರ್ಷ ದಾಟಿದವರಿಗೆ ಶೇ 5, 20 ದಾಟಿದವರಿಗೆ ಶೇ 10 ಹೆಚ್ಚುವರಿ. 20 ದಾಟಿದವರು 12, ಹತ್ತರಿಂದ ಇಪ್ಪತ್ತರೊಳಗಿನವರು 8. ಬೇಕಾದದ್ದು 120 ಮತ್ತು 40, ಒಟ್ಟು 160. ಮುಂದಿನ ವರ್ಷ ಮೂವರಿಗೆ 20 ತುಂಬುತ್ತದೆ, ನಾಲ್ವರಿಗೆ 10. ಹಿರಿಯರಲ್ಲಿ ಇಬ್ಬರು ನಿವೃತ್ತರಾಗಿ ಆ ಜಾಗಕ್ಕೆ ಹೊಸಬರಿಬ್ಬರು ಬರುತ್ತಾರೆ. ಈಗ 13 ಮತ್ತು 9. ಹಣ 175. ಶಾಲೆಯಲ್ಲಿರುವವರು ಅದೇ 40 ಮಂದಿ, ವೇತನ ಶ್ರೇಣಿಯೂ ಅದೇ. ಈ ಬಾಬತ್ತು ಮಾತ್ರ ಶೇ 9ಕ್ಕೂ ಮೇಲೆ ಏರಿತು. ಒಂದೇ ಸಲ ಭಾರಿ ನೇಮಕಾತಿ ನಡೆದಿದ್ದರಂತೂ ಹತ್ತನೇ ವರ್ಷ ಬಿಲ್ಲು ನೆಗೆಯುತ್ತದೆ. ಹಾಗಾಗಿ ಕನಿಷ್ಠ ಐದು ವರ್ಷದ ಪಟ್ಟಿಯನ್ನು ಈಗಲೇ ಮಾಡಿಡಿ.

ಇನ್ನು ಹಣ ಯಾರ ಜೇಬಿನಿಂದ? ನನ್ನ ಪ್ರಕಾರ ಅಸಲು ತಕರಾರು ಇರುವುದೇ ಇಲ್ಲಿ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಬಂದ ಮೇಲೆ ಶಾಲೆಗೆ ಹಣ ಬರುವುದು ಮುಖ್ಯವಾಗಿ ಮಕ್ಕಳ ಸಂಖ್ಯೆಯ ಮೇಲೆ, ಹೋಗುವುದು ಶಿಕ್ಷಕರ ನಿಜವಾದ ಸಂಬಳದ ಮೇಲೆ. ಅನುಭವಿಗಳು ತುಂಬಿದ ಶಾಲೆ ಕೈ ಬಿಗಿಹಿಡಿಯಬೇಕು. ಹೊಸಬರ ಶಾಲೆಗೆ ಉಳಿತಾಯ. ಅಮೆರಿಕದ ಹಲವು ಶಿಕ್ಷಣ ಜಿಲ್ಲೆಗಳದು ಇದಕ್ಕೆ ತಿರುಗಾಮುರುಗಾ. ಅಲ್ಲಿ ಎಲ್ಲ ಶಾಲೆಗೂ ಸರಾಸರಿ ಸಂಬಳವನ್ನೇ ಹಿಡಿಯುತ್ತಿದ್ದುದರಿಂದ, ಹೊಸಬರೇ ಇದ್ದ ಬಡ ಬಡಾವಣೆಯ ಶಾಲೆಗೂ ಕಾಗದದ ಮೇಲೆ ಅಷ್ಟೇ ಖರ್ಚು ಕಾಣುತ್ತಿತ್ತು. ಪ್ರತಿ ಶಾಲೆಯ ನಿಜವಾದ ವೆಚ್ಚ ಪ್ರಕಟಿಸಬೇಕೆಂದು 2015ರ ಕಾನೂನು ಹೇಳಬೇಕಾಯಿತು. ಸೇವಾವಧಿಯ ಹಣವನ್ನು ಮಕ್ಕಳ ತಲೆಲೆಕ್ಕದ ಅನುದಾನದಲ್ಲಿ ಬೆರೆಸದೆ, ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ಮೇಲಿನಿಂದಲೇ ಭರಿಸುವುದು ಮೇಲು. ಇಲ್ಲದಿದ್ದರೆ ಹಿರಿಯ ಶಿಕ್ಷಕರೇ ಶಾಲೆಗೆ ಹೊರೆಯಾಗಿ ಕಾಣತೊಡಗುತ್ತಾರೆ.

ಕಡತ ಮೇಲಕ್ಕೆ ಹೋಗುವ ಮುನ್ನ ಎರಡು ಸಾಲು ಓದಿ. ಬಡ್ತಿ ಮೂಲ ವೇತನದಲ್ಲಿ ವಿಲೀನವಾಗುತ್ತದೆಯೇ, ಪ್ರತ್ಯೇಕ ಭತ್ಯೆಯೇ? ವಿಲೀನವಾದರೆ ಮೂಲ ವೇತನಕ್ಕೆ ಗಂಟುಬಿದ್ದ ಭತ್ಯೆ, ಪಿಂಚಣಿಗಳೂ ಅದರ ಜತೆಗೇ ಏರುತ್ತವೆ. ಅನುದಾನ ಒಂದು ಬಾರಿಯದೋ, ಪ್ರತಿ ವರ್ಷದ್ದೋ? ಒಂದು ಬಾರಿಯದಾದರೆ, ಎರಡನೇ ವರ್ಷದ ಹಣ ಎಲ್ಲಿಂದ ಎಂದು ಅದೇ ಕಡತದಲ್ಲಿ ಬರೆಸಿಕೊಳ್ಳಿ.