ರಥ ತಾನೇ ಹಿಂದಿರುಗಲು ಎರಡು ಗೇಟ್ ಸಾಕಾಯಿತು

ದಸರಾ ಗೊಂಬೆಗಳ ಮುಂದೆ ಪುಟ್ಟ ರಥವೊಂದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿರಬೇಕು ಎಂಬುದು ನಮ್ಮ ಮನೆಯ ಮಕ್ಕಳ ಆಸೆ. ಒಂದೂವರೆ ಮೀಟರ್ ಹಲಗೆ, ರಥಕ್ಕೆ ಕಟ್ಟಿದ ದಾರ, ದಾರ ಎಳೆಯಲು 12 ವೋಲ್ಟ್‌ನ ಗೇರ್ ಮೋಟಾರ್: ಇಷ್ಟೂ ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ತುದಿ ಮುಟ್ಟಿದ ಕೂಡಲೇ ಮೋಟಾರ್ ತಿರುಗುವ ದಿಕ್ಕು ಬದಲಾಗಬೇಕಲ್ಲ, ಅಲ್ಲಿ ಕೆಲಸ ನಿಂತಿತು.

ಎರಡೂ ತುದಿಗೆ ಲಿಮಿಟ್ ಸ್ವಿಚ್, ಅಂದರೆ ರಥ ಬಂದು ತಾಗಿದರೆ ಒತ್ತಿಕೊಳ್ಳುವ ಸ್ವಿಚ್, ಕೂರಿಸಿದ್ದೆ. ಆದರೆ ರಥ ಒಂದು ಬೆರಳಷ್ಟು ಹಿಂದೆ ಸರಿದರೂ ಸ್ವಿಚ್ ಬಿಟ್ಟುಕೊಳ್ಳುತ್ತದೆ. ಆಮೇಲೆ ಯಾವ ಕಡೆ ಹೋಗಬೇಕೆಂಬುದು ಸರ್ಕ್ಯೂಟ್‌ಗೆ ನೆನಪಿರಬೇಕು. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ತಂದು ಪ್ರೋಗ್ರಾಂ ಬರೆಯಬಹುದಿತ್ತು. ಎಡವೋ ಬಲವೋ ಎಂಬ ಒಂದೇ ಸಂಗತಿಯನ್ನು ನೆನಪಿಡಲು ಅಷ್ಟೆಲ್ಲ ಏಕೆ ಎನಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ದಿಕ್ಕು ನೆನಪಿಡಲು 74ಎಚ್‌ಸಿ00 ಮತ್ತು ಮೋಟಾರನ್ನು ಎರಡೂ ದಿಕ್ಕಿಗೆ ಓಡಿಸಲು ಎಲ್293ಡಿ ಚಿಪ್‌ಗಳನ್ನು ತಂದೆ.

74ಎಚ್‌ಸಿ00ದಲ್ಲಿ ನಾಲ್ಕು ನ್ಯಾಂಡ್ ಗೇಟ್‌ಗಳಿವೆ; ಇಂಥ ಗೇಟ್‌ನ ಎರಡೂ ಇನ್‌ಪುಟ್ ಮೇಲಿದ್ದಾಗ ಮಾತ್ರ ಔಟ್‌ಪುಟ್ ಕೆಳಗಿಳಿಯುತ್ತದೆ. ಎರಡನ್ನು ಒಂದಕ್ಕೊಂದು ಹೆಣೆದರೆ ಕೊನೆಯ ಸ್ಥಿತಿಯನ್ನು ನೆನಪಿಡುವ ಲ್ಯಾಚ್ ಆಗುತ್ತದೆ: 3ನೇ ಪಿನ್ನಿನಿಂದ 4ಕ್ಕೆ ಒಂದು ತಂತಿ, 6ರಿಂದ 2ಕ್ಕೆ ಇನ್ನೊಂದು. 1 ಮತ್ತು 5ನೇ ಪಿನ್‌ಗಳನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಕಟ್ಟಿದೆ. ಸ್ವಿಚ್ ಒತ್ತಿದಾಗ ಆ ಪಿನ್ ಗ್ರೌಂಡ್‌ಗೆ ಇಳಿಯುತ್ತದೆ, ಲ್ಯಾಚ್ ಮಗ್ಗುಲು ಬದಲಿಸುತ್ತದೆ, ಸ್ವಿಚ್ ಬಿಟ್ಟ ಮೇಲೂ ಹಾಗೆಯೇ ಉಳಿಯುತ್ತದೆ. ಬಳಸದ ಗೇಟ್‌ಗಳ ಇನ್‌ಪುಟ್‌ಗಳನ್ನು ಮರೆಯದೆ ಗ್ರೌಂಡ್‌ಗೆ ಸೇರಿಸಬೇಕು.

3 ಮತ್ತು 6ರ ಔಟ್‌ಪುಟ್‌ಗಳು ಸಾಮಾನ್ಯವಾಗಿ ಒಂದಕ್ಕೊಂದು ವಿರುದ್ಧ. ಎಲ್293ಡಿಯ 2 ಮತ್ತು 7ನೇ ಪಿನ್ ಕೇಳುವುದೂ ಅದನ್ನೇ, ಸಂಕೇತವನ್ನು ತಿರುವುಮುರುವು ಮಾಡಲು ಬೇರೆ ಇನ್ವರ್ಟರ್ ಗೇಟ್ ಬೇಕಿಲ್ಲ. ಅಕಸ್ಮಾತ್ ಎರಡೂ ಸ್ವಿಚ್ ಒಟ್ಟಿಗೆ ಒತ್ತಿದರೆ ಎರಡೂ ಔಟ್‌ಪುಟ್ ಮೇಲೇರಿ ಮೋಟಾರ್ ನಿಲ್ಲುತ್ತದೆ, ಏನೂ ಸುಡುವುದಿಲ್ಲ. ಈ ಜೋಡಣೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಮೊದಲ ಸಲ ರಥ ತುದಿಗೆ ಹೋಗಿ ಸ್ವಿಚ್ಚನ್ನು ತಳ್ಳುತ್ತಲೇ ನಿಂತಿತು. ಮೋಟಾರ್ ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ನಿಜವಾಗಿ ಕಾಡಿದ್ದು ಇನ್ನೊಂದು: ರಥ ದಾರಿಯ ನಡುವೆಯೇ, ಸ್ವಿಚ್ ಮುಟ್ಟದೆ, ತಿರುಗಿಬಿಡುತ್ತಿತ್ತು. 3ನೇ ಪಿನ್ನಿಗೆ ರೆಸಿಸ್ಟರ್ ಸಹಿತ ಒಂದು ಎಲ್‌ಇಡಿ ಹಚ್ಚಿ, ಮೋಟಾರ್ ತಂತಿ ಬಿಚ್ಚಿ, ರಥವನ್ನು ಕೈಯಿಂದಲೇ ನೂಕಿದೆ. ಎಲ್‌ಇಡಿ ತುದಿಗಳಲ್ಲಿ ಮಾತ್ರ ಬದಲಾಯಿತು. ಮೋಟಾರ್ ಜೋಡಿಸಿದೊಡನೆ ನಡುದಾರಿಯಲ್ಲೂ ಮಿನುಗಿತು. ಮೋಟಾರಿನ ಬ್ರಷ್‌ನಲ್ಲಿ ಸಿಡಿಯುವ ಕಿಡಿಗಳ ಗದ್ದಲವನ್ನು ಸ್ವಿಚ್ಚಿನ ಉದ್ದ ತಂತಿಗಳು ಹಿಡಿದು ಲ್ಯಾಚ್‌ಗೆ ತಲುಪಿಸುತ್ತಿದ್ದವು.

104 ಎಂದು ಬರೆದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಮೋಟಾರಿನ ಎರಡು ಕಾಲುಗಳಿಗೇ ಬೆಸೆದೆ, ಇನ್ನೊಂದನ್ನು 74ಎಚ್‌ಸಿ00ದ ವಿದ್ಯುತ್ ಪಿನ್‌ಗಳಾದ 14 ಮತ್ತು 7ರ ನಡುವೆ ಇಟ್ಟೆ. 5 ವೋಲ್ಟ್‌ಗೆ ಕಟ್ಟಿದ್ದ ಪುಲ್-ಅಪ್ ರೆಸಿಸ್ಟರ್‌ಗಳನ್ನು 1 ಕಿಲೋಓಮ್‌ಗೆ ಇಳಿಸಿ, ಸ್ವಿಚ್ ತಂತಿಗಳನ್ನು ಅವುಗಳ ಗ್ರೌಂಡ್ ತಂತಿಯ ಜೊತೆ ಹೊಸೆದೆ. ಅಲ್ಲಿಂದ ಮುಂದೆ ರಥ ನಡುವೆ ತಿರುಗಲಿಲ್ಲ.

ಎಲ್293ಡಿ ಒಂದು ಮೋಟಾರಿಗೆ 600 ಮಿಲಿಆಂಪಿಯರ್‌ವರೆಗೆ ಮಾತ್ರ ಕೊಡಬಲ್ಲದು, ಸುಮಾರು ಎರಡು ವೋಲ್ಟ್ ಅದರೊಳಗೇ ಕಳೆದುಹೋಗುತ್ತದೆ. ನಮ್ಮ ರಥಕ್ಕೆ ಅದರಿಂದ ಅನುಕೂಲವೇ ಆಯಿತು: ಉತ್ಸವಮೂರ್ತಿ ಅಲುಗದಷ್ಟು ನಿಧಾನವಾಗಿ ಹೋಗಿ ಬರುತ್ತದೆ.